ಊರ್ ಪಟ್ಟಣದ ರಾಣಿಯ ಆಭರಣಗಳು

ವಸ್ತುಸಂಗ್ರಹಾಲಯವೆಂದರೆ ಹಳೆಯ ಕಾಲದ ಬೆಲೆಬಾಳುವ ಒಡವೆಗಳನ್ನೂ ವಿಚಿತ್ರವಾದ ಬೊಂಬೆಗಳನ್ನೂ ಕೂಡಿಟ್ಟಿರುವ ಭಂಡಾರವೆಂದು ನಮ್ಮಲ್ಲಿ ಬಹುಜನರು ಭಾವಿಸಿರುವರು. ನೋಡಲು ಹೋದವರು ಚಿನ್ನವಿರುವ ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತು, ಒಡೆದ ಮಡಕೆಯ ಚೂರುಗಳಿರುವ ಪೆಟ್ಟಿಗೆಯ ಕಡೆಗೆ ಕಣ್ಣೆತ್ತಿಯೂ ನೋಡದೆ ಮುಂದೆ ಸಾಗುವುದುಂಟು. ಆದರೆ ಪ್ರಾಚೀನ ವಸ್ತುವಿನ ಬೆಲೆಯು ಅದರ ಲೋಹದಲ್ಲಿಯೂ ಅಂದದಲ್ಲಿಯೂ ಮಾತ್ರವೇ ಇರುವುದಲ್ಲ. ಅದು ಭೂಮಿಯಲ್ಲಿ ಯಾವ ಸ್ಥಳದಲ್ಲಿತ್ತು, ಯಾವ ವಸ್ತುಗಳ ಮಗ್ಗುಲಲ್ಲಿತ್ತು, ಯಾವ ಸ್ಥಿತಿಯಲ್ಲಿತ್ತು ಎಂಬ ಸಂಗತಿಗಳಲ್ಲಿಯೇ ಅದರ ಬೆಲೆಯ ಬಹುಭಾಗವು ಅಡಗಿರುತ್ತದೆ. ಈ ಮಾತನ್ನು ಒಂದು ದೃಷ್ಟಾಂತದಿಂದ ವಿಶದಪಡಿಸುವುದೇ ನಮ್ಮ ಉದ್ದೇಶ. ಇರಾಕ್ ದೇಶದ ಊರ್ ಎಂಬ ಪ್ರಾಚೀನ ಪಟ್ಟಣದಲ್ಲಿ ದೊರೆತ ಸಮಾಧಿಗಳನ್ನು ಇದಕ್ಕಾಗಿ ಆರಿಸಿಕೊಂಡಿರುವೆವು. ಸ್ತ್ರೀಯರ ಬಾಳಿನ ಕುರುಹುಗಳು ಇಷ್ಟು ಹೇರಳವಾಗಿ ದೊರೆತಿರುವ ಪ್ರಾಚೀನ ಸ್ಥಳಗಳು ವಿರಳವಾದುದರಿಂದ, ವಿದ್ಯಾರ್ಥಿನಿಯರಿಗೆ ಇದು ವಿಶೇಷವಾಗಿ ರುಚಿಸಬಹುದೆಂದು ನಂಬಿರುವೆವು.

ಪಟ್ಟಣದ ನೆಲೆ

ಇರಾಕಿನ ದಕ್ಷಿಣ ಭಾಗದಲ್ಲಿ, ನಾಸಿರಿಯಾ ನಗರಕ್ಕೆ ಸಮೀಪವಾಗಿ, ತೆಲ್ ಅಲ್ ಮುಕಯ್ಯರ್ ಎಂಬ ದೊಡ್ಡ ದಿಬ್ಬವಿದೆ. ಪೂರ್ವದಲ್ಲಿ ಯೂಫ್ರೆಟೀಸ್ ನದಿಯು ಇಲ್ಲಿದ್ದ ಪಟ್ಟಣಕ್ಕೆ ಹತ್ತಿರವಾಗಿಯೇ ಹರಿಯುತ್ತಿತ್ತು. ಕಾಲಕ್ರಮದಲ್ಲಿ ನದಿಯು ತನ್ನ ಪಾತ್ರವನ್ನು ಬದಲಿಸಿ ಕೆಲವು ಮೈಲಿಗಳ ದೂರಕ್ಕೆ ಸರಿದುಹೋಯಿತು. ನೀರಿಲ್ಲದ ಪಟ್ಟಣವನ್ನು ಜನರು ಬಿಟ್ಟುಹೋದರು. ಮಣ್ಣಿನ ಇಟ್ಟಿಗೆಯ ಮನೆಗಳು ಕುಸಿದು ದಿಬ್ಬವಾದವು.

ಈ ದಿಬ್ಬವು ಯಾವ ಪಟ್ಟಣವೆಂಬುದು ಬಹುಕಾಲ ತಿಳಿದಿರಲಿಲ್ಲ. ೧೮೫೩–೫೪ರಲ್ಲಿ ಬಸ್ರಾ ನಗರದಲ್ಲಿ ಬ್ರಿಟಿಷ್ ಉಪಕಾನ್ಸಲರಾಗಿದ್ದ ಜೆ. ಇ. ಟೇಲರ್ ಎಂಬವರು, ದಿಬ್ಬದ ಮೇಲೆ ಎದ್ದು ಕಾಣುತ್ತಿದ್ದ ಜಿಗ್ಗುರಾತ್ ಎಂಬ ಮೆಟ್ಟಿಲುಗೋಪುರದ ಮೂಲೆಗಳನ್ನು ಅಗೆಯಿಸಿ, ಲಿಪಿಯುಳ್ಳ ಮಣ್ಣಿನ ಉರುಳೆಗಳನ್ನು ಕಂಡರು. ಬಾಬಿಲೋನಿನ ಅರಸನಾದ ನಬೋನಿದಸನು ಊರ್ ಪಟ್ಟಣದ ಚಂದ್ರದೇವತೆಯ ಗೋಪುರವನ್ನು ತಾನು ಜೀರ್ಣೋದ್ಧಾರ ಮಾಡಿಸಿದುದಾಗಿ ಅವುಗಳಲ್ಲಿ ಬರೆಯಿಸಿದ್ದನು. ಆ ಉರುಳೆಗಳು ಗೋಪುರದ ಮೂಲೆಗಳಲ್ಲಿ, ಇಟ್ಟವರು ಇಟ್ಟಂತೆಯೇ ಇದ್ದುದರಿಂದ ದಿಬ್ಬದ ಹೆಸರು ನಿಶ್ಚಯವಾಯಿತು. ಅವೇ ಉರುಳೆಗಳು ಪೇಟೆಯ ಅಂಗಡಿಯೊಂದರಲ್ಲಿ ದೊರೆತಿದ್ದರೆ, ನಬೋನಿದಸನ ಹೆಸರು ತಿಳಿಯುತ್ತಿತ್ತೇ ಹೊರತು ಈ ದಿಬ್ಬದ ಹೆಸರು ತಿಳಿಯುತ್ತಿರಲಿಲ್ಲ.

ಊರ್ ಎಂಬ ಹೆಸರು ನಮ್ಮ ಭಾಷೆಯ ಊರು ಎಂಬ ಶಬ್ದವನ್ನು ಹೋಲುವುದಾದರೂ ಆ ಹೋಲಿಕೆಯು ಧ್ವನಿಯಲ್ಲಿ ಮಾತ್ರವೇ ಹೊರತು ಎರಡಕ್ಕೂ ಸಂಬಂಧವನ್ನು ಕಲ್ಪಿಸಲು ಆಧಾರವಿಲ್ಲ. ಸತ್ಯವೇದದ ಆದಿಕಾಂಡದಲ್ಲಿ ಅಬ್ರಹಾಮನ ಕುಟುಂಬದವರು ಬಿಟ್ಟುಹೊರಟರೆಂದು ಹೇಳಿರುವ ಕಸ್ದೀಯರ ಊರ್ ಎಂಬ ಪಟ್ಟಣವು ಇದೇ ಎಂದು ಅನೇಕ ವಿದ್ವಾಂಸರು ಎಣಿಸಿರುವರು. ನಾವು ಹೇಳಹೊರಟಿರುವ ಸಮಾಧಿಗಳಾದರೋ ಇಂದಿಗೆ ಸುಮಾರು ೪,೫೦೦ ವರ್ಷಗಳ ಹಿಂದಿನವು.

ನಾಲ್ಕು ವರ್ಷಗಳ ತಾಳ್ಮೆ

೧೯೨೨ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನವರೂ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನವರೂ ಕೂಡಿ, ಲಿಯೊನಾರ್ಡ್ ವುಲಿ ಎಂಬವರ ನೇತೃತ್ವದಲ್ಲಿ ಊರಿನ ಉತ್ಖನನವನ್ನು ಆರಂಭಿಸಿದರು. ಈ ಕೆಲಸವು ೧೯೩೪ರ ವರೆಗೆ ಹನ್ನೆರಡು ಋತುಗಳ ಕಾಲ ನಡೆಯಿತು. ಮೊದಲನೆಯ ಋತುವಿನಲ್ಲಿಯೇ ಪರೀಕ್ಷಾರ್ಥವಾಗಿ ತೋಡಿದ ಕಾಲುವೆಯೊಂದರಲ್ಲಿ ಚಿನ್ನದ ಮಣಿಗಳು ಕಾಣಿಸಿಕೊಂಡವು. ಯಾರಿಗಾದರೂ ಆ ಕ್ಷಣದಲ್ಲಿಯೇ ಕೆಳಕ್ಕೆ ಅಗೆಯಬೇಕೆಂಬ ಆಶೆ ಹುಟ್ಟುವುದು ಸಹಜವಷ್ಟೆ. ಆದರೆ ವುಲಿಯವರು ಆ ಕಾಲುವೆಯನ್ನು ಅಲ್ಲಿಗೇ ನಿಲ್ಲಿಸಿ, ೧೯೨೬ರ ವರೆಗೆ ಅದರ ಗೊಡವೆಗೆ ಹೋಗಲಿಲ್ಲ.

ಇದಕ್ಕೆ ಕಾರಣಗಳು ಎರಡು. ಕೆಲಸಗಾರರಿಗೆ ಆಗ ಉತ್ಖನನದ ಅಭ್ಯಾಸವಿರಲಿಲ್ಲ. ಗುದ್ದಲಿಯನ್ನು ಬಲದಿಂದ ಹಾಕಬಲ್ಲವರಿಗೆ ಸಣ್ಣ ಚಾಕುವಿನಿಂದಲೂ ಕುಂಚದಿಂದಲೂ ಮಣ್ಣನ್ನು ಬಿಡಿಸುವ ಜಾಣ್ಮೆಯು ಒಂದು ದಿನದಲ್ಲಿ ಬರುವಂಥದಲ್ಲ. ಅದಲ್ಲದೆ, ಆ ಸೀಮೆಯ ಮಡಕೆಗಳೂ ಇಟ್ಟಿಗೆಗಳೂ ಯಾವ ಯಾವ ಕಾಲದವೆಂಬುದು ಸಹ ಆಗ ಸ್ಪಷ್ಟವಾಗಿರಲಿಲ್ಲ. ಸಮಾಧಿಗಳನ್ನು ತೆರೆದರೂ ಅವುಗಳ ಕಾಲವನ್ನು ಗೊತ್ತುಮಾಡುವುದು ಕಷ್ಟವಾಗುತ್ತಿತ್ತು. ಆದಕಾರಣ ಮುಖ್ಯಮೇಸ್ತ್ರಿಯಾದ ಹಮೂದಿ ಇಬ್ನ್ ಇಬ್ರಾಹಿಮರ ಕೈಕೆಳಗೆ ಕೆಲಸಗಾರರು ನುರಿತವರಾಗುವ ತನಕ ಚಿನ್ನವು ಮಣ್ಣಿನಲ್ಲಿಯೇ ಇರಲೆಂದು ಬಿಟ್ಟರು. ದೊರೆತ ವಸ್ತುವನ್ನು ತಂದೊಪ್ಪಿಸಿದವರಿಗೆ ಕೂಲಿಯ ಮೇಲೆ ಇನಾಮನ್ನೂ ಕೊಡುತ್ತಿದ್ದರು. ವಸ್ತುಗಳು ಕಳ್ಳದಾರಿಯಿಂದ ವ್ಯಾಪಾರಿಗಳ ಕೈಗೆ ಹೋಗದಂತೆ ಮಾಡುವುದೇ ಇದರ ಉದ್ದೇಶ. ಮುಂದೆ ಆ ಸ್ಮಶಾನದಲ್ಲಿ ಸುಮಾರು ೧,೮೫೦ ಸಮಾಧಿಗಳು ತೆರೆಯಲ್ಪಟ್ಟವು. ಅವುಗಳಲ್ಲಿ ೧೬ನ್ನು ವುಲಿಯವರು ರಾಜಸಮಾಧಿಗಳೆಂದು ಹೆಸರಿಸಿದರು.

ಇಲ್ಲದ ವಸ್ತುವನ್ನು ಕಾಣುವ ಬಗೆ

ಮಣ್ಣಿನಲ್ಲಿ ಚಿನ್ನವು ಕೆಡದೆ ಉಳಿಯುವುದು. ಬೆಳ್ಳಿಯು ಕರಗಿ ಪುಡಿಯಾಗುವುದು. ಮರವೂ ಬಟ್ಟೆಯೂ ಕೊಳೆತು ಇಲ್ಲದಂತಾಗುವುವು. ಹೀಗಿರುವಲ್ಲಿ, ಮರದಿಂದ ಮಾಡಿದ ವಾದ್ಯವನ್ನು ೪,೫೦೦ ವರ್ಷಗಳ ಮೇಲೆ ಕಾಣುವುದು ಹೇಗೆ? ಸಮಾಧಿಯೊಂದರ ನೆಲದಲ್ಲಿ ವಿಚಿತ್ರವಾದ ಕಿಂಡಿಗಳು ಕಾಣಿಸಿದಾಗ, ಅವುಗಳೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಬಿಳಿಯ ಗಾರೆಯನ್ನು ನೀರಿನಲ್ಲಿ ಕಲಸಿ ಹೊಯ್ದರು. ಮರವು ಕೊಳೆತುಹೋದರೂ ಅದು ಇದ್ದ ಜಾಗವು ಮಣ್ಣಿನಲ್ಲಿ ಟೊಳ್ಳಾಗಿ ಉಳಿದಿತ್ತು. ಗಾರೆಯು ಗಟ್ಟಿಯಾದ ಮೇಲೆ ಸುತ್ತಣ ಮಣ್ಣನ್ನು ತೆಗೆಯಲು, ಲೈರ್ ಎಂಬ ತಂತಿವಾದ್ಯದ ಪೂರ್ಣವಾದ ಆಕಾರವು ಹೊರಬಂದಿತು. ಆ ಕಿಂಡಿಗಳನ್ನು ಲಕ್ಷಿಸದೆ ಗುದ್ದಲಿಯನ್ನು ಹಾಕಿದ್ದರೆ ಒಂದೇ ನಿಮಿಷದಲ್ಲಿ ವಾದ್ಯವು ಎರಡನೆಯ ಸಲ ನಾಶವಾಗುತ್ತಿತ್ತು.

ಊರಿನ ಧ್ವಜವೆಂದು ಪ್ರಸಿದ್ಧವಾಗಿರುವ ಚಿತ್ರಪೆಟ್ಟಿಗೆಯನ್ನು ಉಳಿಸಿದ ರೀತಿಯೂ ಇಂಥದೇ. ಸುಮಾರು ಒಂದೂವರೆ ಅಡಿ ಉದ್ದದ ಮರದ ಪೆಟ್ಟಿಗೆಗೆ ಕಪ್ಪೆಚಿಪ್ಪಿನ ಚೂರುಗಳನ್ನೂ ನೀಲಿಯ ಮತ್ತು ಕೆಂಪು ಕಲ್ಲಿನ ಚೂರುಗಳನ್ನೂ ರಾಳದಂತಹ ಅಂಟಿನಿಂದ ಕೂರಿಸಿ, ಒಂದು ಮಗ್ಗುಲಲ್ಲಿ ಯುದ್ಧವನ್ನೂ ಇನ್ನೊಂದರಲ್ಲಿ ಶಾಂತಿಯ ಔತಣವನ್ನೂ ಚಿತ್ರಿಸಿದ್ದರು. ಮರವು ಕೊಳೆತು ಚೂರುಗಳು ಮಾತ್ರ ಮಣ್ಣಿನಲ್ಲಿ ಒರಗಿದ್ದವು. ಅಂಗುಲ ಅಂಗುಲವಾಗಿ ಮಣ್ಣನ್ನು ಬಿಡಿಸಿ, ಬಿಡಿಸಿದಷ್ಟು ಭಾಗಕ್ಕೆ ಕರಗಿಸಿದ ಮೇಣವನ್ನು ಹೊಯ್ದು, ತೆಳುವಾದ ಬಟ್ಟೆಯನ್ನು ಅಂಟಿಸಿ, ಚೂರುಗಳ ಕ್ರಮವು ಕೆಡದಂತೆ ಅದನ್ನು ಮೇಲಕ್ಕೆತ್ತಿದರು. ಈಗ ಅದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಕೋಲಿನ ತುದಿಯಲ್ಲಿ ಎತ್ತಿ ಹಿಡಿಯುತ್ತಿದ್ದರೆಂದು ವುಲಿಯವರು ಊಹಿಸಿ ಧ್ವಜವೆಂದು ಕರೆದರು. ಅದರ ನಿಜವಾದ ಉಪಯೋಗವು ಇನ್ನೂ ನಿರ್ಧಾರವಾಗಿಲ್ಲ.

ರಾಣಿ ಪುಆಬಿ

ರಾಜಸಮಾಧಿಗಳಲ್ಲಿ ಅತ್ಯಂತ ಪ್ರಖ್ಯಾತವಾದುದು ೧೯೨೭–೨೮ರ ಋತುವಿನಲ್ಲಿ ತೆರೆಯಲಾದ ರಾಣಿಯ ಸಮಾಧಿ. ಕಳ್ಳರ ಕೈಗೆ ಸಿಕ್ಕದೆ ಉಳಿದಿದ್ದ ಕಲ್ಲಿನ ಕೋಣೆಯಲ್ಲಿ ಸುಮಾರು ೪೦ ವರ್ಷ ವಯಸ್ಸಿನ, ಐದಡಿಗಿಂತ ಸ್ವಲ್ಪ ಕಡಿಮೆ ಎತ್ತರದ ಸ್ತ್ರೀಯೊಬ್ಬಳು ಚಟ್ಟದ ಮೇಲೆ ಮಲಗಿದ್ದಳು. ತಲೆಯ ಮೇಲೆ ಚಿನ್ನದ ಪಟ್ಟಿಯ ಸುತ್ತುಗಳು, ಚಿನ್ನದ ಎಲೆಗಳ ಮಾಲೆಗಳು, ಹಿಂಬದಿಯಲ್ಲಿ ಚಿನ್ನದ ಹೂಗಳು ಅರಳಿನಿಂತ ದೊಡ್ಡ ಬಾಚಣಿಗೆ. ಮೈಮೇಲೆ ಚಿನ್ನ, ಬೆಳ್ಳಿ, ಅಕೀಕು ಮತ್ತು ನೀಲಶಿಲೆಯ ಮಣಿಸರಗಳ ಮೇಲ್ಹೊದಿಕೆ. ದೇಹದ ಬಳಿಯಲ್ಲಿ ನೀಲಶಿಲೆಯ ಉರುಳೆಮುದ್ರೆಯೊಂದು ದೊರೆಯಿತು. ಒದ್ದೆ ಮಣ್ಣಿನ ಮೇಲೆ ಉರುಳಿಸಿದರೆ ಚಿತ್ರವೂ ಅಕ್ಷರಗಳೂ ಮೂಡುವಂತೆ ಕೊರೆದ ಸಣ್ಣ ಕಲ್ಲೇ ಉರುಳೆಮುದ್ರೆ. ಅದರಲ್ಲಿದ್ದ ಹೆಸರನ್ನು ಮೊದಲು ಶುಬ್-ಅದ್ ಎಂದು ಓದಿದ್ದರು. ಪುಆಬಿ ಎಂಬುದೇ ಸರಿಯಾದ ಪಾಠವೆಂದು ಈಗ ವಿದ್ವಾಂಸರು ಒಪ್ಪಿರುವರು. ಹೆಸರಿನ ಮಗ್ಗುಲಲ್ಲಿ ರಾಣಿ ಎಂಬರ್ಥದ ಬಿರುದಿದೆ. ಗಂಡನ ಹೆಸರು ಮಾತ್ರ ಇಲ್ಲ. ಆ ಕಾಲದ ಸ್ತ್ರೀಯರ ಮುದ್ರೆಗಳಲ್ಲಿ ಗಂಡನ ಹೆಸರನ್ನು ಹೇಳುವುದು ವಾಡಿಕೆಯಾಗಿದ್ದುದರಿಂದ, ಈಕೆಯು ತನ್ನ ಸ್ವಂತ ಅಧಿಕಾರದಿಂದಲೇ ರಾಣಿಯಾಗಿದ್ದಿರಬಹುದೆಂದು ಕೆಲವರ ಅಭಿಪ್ರಾಯ. ಇಂತಹ ಒಂದು ವಿಚಾರವು ಹುಟ್ಟಿದುದು ಮುದ್ರೆಯು ಆ ದೇಹದ ಬಳಿಯಲ್ಲಿಯೇ ದೊರೆತ ಕಾರಣದಿಂದ.

ಆಭರಣಗಳ ಕಲ್ಲುಗಳೂ ಒಂದು ಕಥೆಯನ್ನು ಹೇಳುತ್ತವೆ. ಊರಿನ ಸುತ್ತಲೂ ನದಿಯ ಮೆಕ್ಕಲುಮಣ್ಣಲ್ಲದೆ ಲೋಹವೂ ರತ್ನವೂ ಇಲ್ಲ. ನೀಲಶಿಲೆಯು ಆಫ್ಘಾನಿಸ್ಥಾನದ ಬದಕ್ಷಾನ್ ಬೆಟ್ಟಗಳಿಂದ ಬಂದುದು. ಕೆಂಪು ಅಕೀಕಿನ ಮಣಿಗಳಲ್ಲಿ ಕೆಲವು, ಬಿಳಿಯ ರೇಖೆಗಳನ್ನು ಬರೆದು ಸುಟ್ಟ ವಿಶೇಷ ಬಗೆಯವು. ಇವುಗಳನ್ನು ಮಾಡುವ ವಿದ್ಯೆಯು ನಮ್ಮ ಸಿಂಧೂನದಿಯ ನಾಗರಿಕತೆಯವರದು. ಅಂತಹ ಮಣಿಗಳು ಸಿಂಧೂ ಸೀಮೆಯ ಪಟ್ಟಣಗಳ ಉತ್ಖನನಗಳಲ್ಲಿ ದೊರೆತಿವೆ. ಅಲ್ಲಿನ ಕುಶಲಿಗಳು ಅಕೀಕಿನ ಕಲ್ಲನ್ನು ಗುಜರಾತಿನಿಂದ ತರಿಸುತ್ತಿದ್ದರು. ಅಂದಮೇಲೆ, ಭಾರತದ ಕುಶಲಿಯೊಬ್ಬನು ಕೊರೆದ ಮಣಿಯು ಸಮುದ್ರವನ್ನು ದಾಟಿ ಊರಿನ ಸಮಾಧಿಗಳನ್ನು ಸೇರಿತ್ತೆಂಬುದು ಸಿದ್ಧವಾಯಿತು. ಎರಡು ದೇಶಗಳಲ್ಲಿಯೂ ಮಣಿಗಳು ದೊರೆತ ಸ್ಥಳಗಳನ್ನು ಬರೆದಿಟ್ಟುದರಿಂದಲೇ ಈ ನಿರ್ಣಯವು ಸಾಧ್ಯವಾಯಿತು.

ಆ ಬರೆವಣಿಗೆಯ ಪ್ರಯೋಜನವು ಅಲ್ಲಿಗೇ ಮುಗಿಯಲಿಲ್ಲ. ರಾಣಿಯ ಬಳಿಯಲ್ಲಿದ್ದ ಸಣ್ಣ ಮಣಿಗಳನ್ನೂ ಚಿನ್ನದ ಪದಕಗಳನ್ನೂ ವುಲಿಯವರು ಒಂದೇ ಹಣೆಪಟ್ಟವೆಂದು ಜೋಡಿಸಿದ್ದರು. ಬಹುಕಾಲದ ಮೇಲೆ ಪೆನ್ಸಿಲ್ವೇನಿಯಾದ ವಿದ್ವಾಂಸರು ಅವರದೇ ಟಿಪ್ಪಣಿಗಳನ್ನು ಮತ್ತೆ ಪರಿಶೀಲಿಸಿ, ಅವು ಒಂದೇ ಪಟ್ಟವಲ್ಲ, ಬೇರೆಬೇರೆ ಆಭರಣಗಳಾಗಿದ್ದಿರಬೇಕೆಂದು ತೋರಿಸಿಕೊಟ್ಟರು. ತನ್ನ ಊಹೆಯು ತಪ್ಪಾದರೆ ಮುಂದಿನವರು ಅದನ್ನು ತಿದ್ದಲು ಬೇಕಾದ ಸಾಧನವನ್ನೂ ಬರೆದಿಡುವವನೇ ಸರಿಯಾದ ಶೋಧಕನು.

ಮರಣದ ಗುಂಡಿ

ಇಲ್ಲಿಯ ವರೆಗೆ ಚಿನ್ನದ ಸೊಬಗನ್ನು ಹೇಳಿದೆವು. ಅದರ ಮಗ್ಗುಲಲ್ಲಿದ್ದ ಘೋರವನ್ನು ಮರೆಮಾಚುವುದು ಉಚಿತವಲ್ಲ. ರಾಜಸಮಾಧಿಗಳಲ್ಲಿ ಒಡೆಯರೊಂದಿಗೆ ಅವರ ಪರಿವಾರದವರನ್ನೂ ಹೂಳಿದ್ದರು. ಮಹಾಮರಣದ ಗುಂಡಿಯೆಂದು ಹೆಸರಾದ ಸಮಾಧಿಯಲ್ಲಿ ೬೮ ಮಂದಿ ಸ್ತ್ರೀಯರ ಮತ್ತು ೬ ಮಂದಿ ಪುರುಷರ ದೇಹಗಳು ಸಾಲುಸಾಲಾಗಿ ಒರಗಿದ್ದವು. ಸ್ತ್ರೀಯರು ಚಿನ್ನದ ಅಥವಾ ಬೆಳ್ಳಿಯ ಪಟ್ಟಿಗಳನ್ನು ತಲೆಗೆ ಕಟ್ಟಿದ್ದರು. ಬೆಳ್ಳಿಯ ಪಟ್ಟಿಗಳು ಪುಡಿಯಾಗಿ, ತಲೆಬುರುಡೆಯ ಮೇಲೆ ಬಣ್ಣದ ಕಲೆಯಾಗಿ ಮಾತ್ರ ಉಳಿದಿದ್ದವು. ಒಬ್ಬ ಹುಡುಗಿಯ ತಲೆಯ ಮೇಲೆ ಮಾತ್ರ ಅಂತಹ ಕಲೆಯೂ ಇರಲಿಲ್ಲ. ಆಕೆಯ ಸೊಂಟದ ಬಳಿಯಲ್ಲಿ, ಬಹುಶಃ ಉಡುಪಿನ ಚೀಲದಲ್ಲಿ, ಬೆಳ್ಳಿಯ ಪಟ್ಟಿಯು ಬಿಗಿಯಾಗಿ ಸುರುಳಿ ಸುತ್ತಿದಂತೆಯೇ ದೊರೆಯಿತು. ಸುರುಳಿಯಾಗಿದ್ದುದರಿಂದ ಅದು ನಶಿಸದೆ ಉಳಿದಿತ್ತು. ಆಕೆಯು ತಡವಾಗಿ ಬಂದು ಅಲಂಕರಿಸಿಕೊಳ್ಳಲು ಹೊತ್ತು ಸಾಲದೆ ಹಾಗೆಯೇ ಸಾಲಿನಲ್ಲಿ ನಿಂತಿದ್ದಿರಬೇಕೆಂದು ವುಲಿಯವರು ಊಹಿಸಿದರು. ಅದು ಊಹೆಯೇ ಆದರೂ, ಹೆಸರು ತಿಳಿಯದ ಆ ಹುಡುಗಿಯ ಬಾಳಿನ ಒಂದು ಕ್ಷಣವು ನಮ್ಮ ವರೆಗೆ ಬಂದಿರುವುದು ನಿಜ. ಆ ಸುರುಳಿಯನ್ನು ಯಾರೋ ಕಿತ್ತು ಮಾರಿದ್ದರೆ ಅದು ತೂಕಕ್ಕೆ ಹೋಗುವ ಬೆಳ್ಳಿಯ ತುಂಡಾಗುತ್ತಿತ್ತು.

ಇವರು ಸತ್ತುದು ಹೇಗೆ? ದೇಹಗಳು ಶಾಂತವಾಗಿ ಮಲಗಿದಂತೆ ಕಂಡುದರಿಂದಲೂ, ಬಳಿಯಲ್ಲಿ ಸಣ್ಣ ಬಟ್ಟಲುಗಳು ದೊರೆತುದರಿಂದಲೂ, ಇವರು ಸ್ವ ಇಚ್ಛೆಯಿಂದ ವಿಷವನ್ನು ಕುಡಿದು ಒಡೆಯರನ್ನು ಅನುಸರಿಸಿದರೆಂದು ವುಲಿಯವರು ಬರೆದರು. ಈ ಅಭಿಪ್ರಾಯವು ಅನೇಕ ವರ್ಷಗಳ ಕಾಲ ಪುಸ್ತಕಗಳಲ್ಲಿ ನಡೆದುಬಂದಿತು. ಆದರೆ ಪೆನ್ಸಿಲ್ವೇನಿಯಾದ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದ ಎರಡು ತಲೆಬುರುಡೆಗಳನ್ನು ಸಿ. ಟಿ. ಸ್ಕ್ಯಾನ್ ಯಂತ್ರದಿಂದ ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ಫಲಿತಾಂಶವು ಬೇರೆಯಾಗಿತ್ತು: ತಲೆಗೆ ಆಯುಧದಿಂದ ಹೊಡೆದ ಪೆಟ್ಟಿನ ಗುರುತುಗಳು ಎರಡರಲ್ಲಿಯೂ ಕಂಡುಬಂದವು. ಎರಡು ತಲೆಬುರುಡೆಗಳಿಂದ ಎಲ್ಲರ ವಿಷಯವನ್ನೂ ನಿರ್ಣಯಿಸಲಾಗದಾದರೂ, ಅವರೆಲ್ಲರೂ ಸಂತೋಷದಿಂದ ಸತ್ತರೆಂಬ ಮಾತನ್ನು ಇನ್ನು ಮುಂದೆ ನಿಶ್ಶಂಕೆಯಿಂದ ಹೇಳುವಂತಿಲ್ಲ. ಚಿನ್ನವನ್ನು ಮಾತ್ರ ಇಟ್ಟುಕೊಂಡು ಎಲುಬುಗಳನ್ನು ಎಸೆದಿದ್ದರೆ ಆ ಹೆಣ್ಣುಮಕ್ಕಳ ಪರವಾದ ಸಾಕ್ಷಿಯು ಎಂದೆಂದಿಗೂ ಸಿಕ್ಕುತ್ತಿರಲಿಲ್ಲ.

ರಾಜಪುತ್ರಿಯ ಸಂಗ್ರಹ

ಇದೇ ಊರಿನಲ್ಲಿ ವಿದ್ಯಾವತಿಯರಾದ ಸ್ತ್ರೀಯರೂ ಇದ್ದರು. ಪುಆಬಿಗೆ ಕೆಲವು ತಲೆಮಾರುಗಳ ಈಚೆಗೆ, ಅಕ್ಕಾದಿನ ಸಾರ್ಗೋನ್ ಅರಸನ ಮಗಳಾದ ಎನ್‌ಹೆದುಅನ್ನಳು ಇಲ್ಲಿನ ಚಂದ್ರದೇವಾಲಯದ ಪ್ರಧಾನ ಅರ್ಚಕಿಯಾಗಿದ್ದಳು. ಆಕೆಯ ಹೆಸರಿನಲ್ಲಿ ಸ್ತೋತ್ರಗಳು ಉಳಿದುಬಂದಿರುವುದರಿಂದ, ಹೆಸರು ತಿಳಿದಿರುವ ಗ್ರಂಥಕರ್ತರಲ್ಲಿ ಈಕೆಯೇ ಲೋಕದಲ್ಲಿ ಮೊದಲನೆಯವಳೆಂದು ಹೇಳುವುದುಂಟು. ಆಕೆಯ ಚಿತ್ರವನ್ನೂ ಹೆಸರನ್ನೂ ಕೆತ್ತಿದ ದುಂಡನೆಯ ಕಲ್ಲಿನ ಬಿಲ್ಲೆಯು ವುಲಿಯವರ ಉತ್ಖನನದಲ್ಲಿ ದೊರೆತು ಈಗ ಪೆನ್ಸಿಲ್ವೇನಿಯಾದಲ್ಲಿದೆ.

ಇನ್ನೂ ಸುಮಾರು ೧,೭೦೦ ವರ್ಷಗಳ ಮೇಲೆ, ನಾವು ಮೊದಲು ಹೆಸರಿಸಿದ ನಬೋನಿದಸನ ಮಗಳಾದ ಎನ್ನಿಗಾಲ್ದಿ-ನನ್ನಳು ಅದೇ ಅರ್ಚಕಿಯ ಪದವಿಯಲ್ಲಿದ್ದಳು. ಆಕೆಯ ಕಾಲದ ಕಟ್ಟಡದ ಕೋಣೆಯೊಂದನ್ನು ೧೯೨೫ರಲ್ಲಿ ಅಗೆಯುವಾಗ ಶೋಧಕರಿಗೆ ಆಶ್ಚರ್ಯವಾಯಿತು. ಶುಲ್ಗಿ ಎಂಬ ಪುರಾತನ ಅರಸನ ವಿಗ್ರಹದ ತುಂಡು, ಲಾರ್ಸಾ ಅರಸರ ಕಾಲದ ಮಣ್ಣಿನ ಶಂಕು, ಎಲ್ಲೆಕಲ್ಲು ಇವೇ ಮೊದಲಾಗಿ ನೂರಾರು ವರ್ಷಗಳ ಅಂತರವುಳ್ಳ ವಸ್ತುಗಳು ಒಂದೇ ಮಟ್ಟದಲ್ಲಿ ಕೂಡಿದ್ದವು. ಅವುಗಳ ನಡುವೆ ಮಣ್ಣಿನ ಉರುಳೆಯೊಂದಿತ್ತು. ಪ್ರಾಚೀನ ಅರಸನೊಬ್ಬನ ಇಟ್ಟಿಗೆಯ ಲೇಖವನ್ನು ಪ್ರತಿಮಾಡಿ, ಆ ಇಟ್ಟಿಗೆಯು ಊರಿನ ಪಾಳಿನಲ್ಲಿ ದೊರೆತುದೆಂಬುದನ್ನೂ, ನೋಡುವವರ ಪ್ರಯೋಜನಕ್ಕಾಗಿ ಅದನ್ನು ಬರೆದಿಟ್ಟುದನ್ನೂ ಲಿಪಿಕಾರನು ಅದರಲ್ಲಿ ತಿಳಿಸಿದ್ದನು. ಇದು ರಾಜಪುತ್ರಿಯು ಏರ್ಪಡಿಸಿದ ವಸ್ತುಸಂಗ್ರಹಾಲಯವೆಂದೂ ಉರುಳೆಯು ಅದರ ವಿವರಪಟ್ಟಿಯೆಂದೂ ವುಲಿಯವರು ಅಭಿಪ್ರಾಯಪಟ್ಟರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೂ ಎರಡೂವರೆ ಸಾವಿರ ವರ್ಷಗಳ ಹಿಂದಿನ ಆ ಲಿಪಿಕಾರನು, ವಸ್ತುವು ಎಲ್ಲಿ ದೊರೆಯಿತೆಂಬುದನ್ನು ಬರೆದಿಡುವುದು ಅವಶ್ಯವೆಂದು ತಿಳಿದಿದ್ದನೆಂಬುದು ಗಮನಿಸತಕ್ಕ ಸಂಗತಿ.

ಹಂಚಿಕೆಯೂ ಸೂರೆಯೂ

ಊರಿನ ವಸ್ತುಗಳು ಯಾರಿಗೆ ಸೇರಬೇಕೆಂಬ ಪ್ರಶ್ನೆಯು ಮೊದಲಿನಿಂದಲೂ ಇದ್ದಿತು. ಇರಾಕಿನ ಪ್ರಾಚ್ಯವಸ್ತು ಇಲಾಖೆಯ ಮೊದಲನೆಯ ನಿರ್ದೇಶಕಿಯಾಗಿದ್ದ ಗರ್ಟ್ರೂಡ್ ಬೆಲ್ ಎಂಬವರು ೧೯೨೪ರ ಕಾಯಿದೆಯನ್ನು ರೂಪಿಸಿದರು. ಬಾಗ್ದಾದಿನ ವಸ್ತುಸಂಗ್ರಹಾಲಯವನ್ನು ೧೯೨೬ರಲ್ಲಿ ತೆರೆದವರೂ ಅವರೇ. ಊರಿನ ವಸ್ತುಗಳಲ್ಲಿ ಸುಮಾರು ಅರ್ಧವು ಬಾಗ್ದಾದಿಗೂ, ಉಳಿದುದು ಲಂಡನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೂ ಹಂಚಿಕೆಯಾಯಿತು. ಹೀಗೆ ಒಂದೇ ಗುಂಡಿಯಲ್ಲಿ ದೊರೆತ, ಗಿಡಕ್ಕೆ ಕಾಲೂರಿ ನಿಂತ ಎರಡು ಚಿನ್ನದ ಮೇಕೆಗಳಲ್ಲಿ ಒಂದು ಇಂಗ್ಲೆಂಡಿನಲ್ಲಿಯೂ ಇನ್ನೊಂದು ಅಮೆರಿಕದಲ್ಲಿಯೂ ಇವೆ. ಇರಾಕ್ ಆಗ ಬ್ರಿಟಿಷರ ಆಡಳಿತದ ಕೆಳಗಿದ್ದುದರಿಂದ ಆ ಹಂಚಿಕೆಯು ನ್ಯಾಯವಾದುದಲ್ಲವೆಂದು ವಾದಿಸುವವರುಂಟು; ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಪ್ರತಿಯೊಂದು ವಸ್ತುವಿನ ಸಮಾಧಿಯ ಸಂಖ್ಯೆಯೂ ನೆಲೆಯೂ ದಾಖಲೆಯಲ್ಲಿರುವುದರಿಂದ, ಮೂರು ದೇಶಗಳಲ್ಲಿ ಚೆದರಿದುದನ್ನು ಕಾಗದದ ಮೇಲೆಯಾದರೂ ಮತ್ತೆ ಕೂಡಿಸಬಹುದು.

ದಾಖಲೆಯೇ ಇಲ್ಲದ ಚೆದರಿಕೆಯು ಎಂಥದೆಂಬುದನ್ನು ೨೦೦೩ರ ಯುದ್ಧವು ತೋರಿಸಿತು. ಆ ವರ್ಷದ ಏಪ್ರಿಲ್ ೧೦ರಿಂದ ೧೨ರ ವರೆಗೆ ಬಾಗ್ದಾದಿನ ಸಂಗ್ರಹಾಲಯವು ಸೂರೆಯಾಯಿತು. ಸುಮಾರು ೧೫,೦೦೦ ವಸ್ತುಗಳು ಕಳುವಾದವು. ಅವುಗಳಲ್ಲಿ ಸುಮಾರು ೫,೦೦೦ವು ಅಂಗೈಯಲ್ಲಿ ಅಡಗುವಂತಹ ಉರುಳೆಮುದ್ರೆಗಳು. ಊರಿನಿಂದ ಬಂದ ಪ್ರಸಿದ್ಧವಾದ ಲೈರನ್ನು ಒಡೆದುಹಾಕಿದರು. ಅದರ ಚಿನ್ನದ ಗೂಳಿಯ ತಲೆಯು ಮುಂಚೆಯೇ ಬ್ಯಾಂಕಿನ ನೆಲಮಾಳಿಗೆಯನ್ನು ಸೇರಿದ್ದುದರಿಂದ ಉಳಿಯಿತು. ಕಳುವಾದವುಗಳಲ್ಲಿ ಅನೇಕವು ಹಿಂತಿರುಗಿದವು; ಸಂಗ್ರಹಾಲಯವು ೨೦೧೫ರಲ್ಲಿ ಮತ್ತೆ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿನ ವಸ್ತುಗಳಿಗೆ ಪಟ್ಟಿಯಿದ್ದುದರಿಂದ ದೊರೆತುದನ್ನು ಗುರುತಿಸುವುದು ಸಾಧ್ಯವಾಯಿತು.

ಇದಕ್ಕಿಂತ ದೊಡ್ಡ ಹಾನಿಯು ಬಯಲಿನಲ್ಲಿ ನಡೆಯಿತು. ಉಮ್ಮಾ, ಇಸಿನ್ ಮೊದಲಾದ ಪ್ರಾಚೀನ ಪಟ್ಟಣಗಳ ದಿಬ್ಬಗಳನ್ನು ಕಳ್ಳರು ಸಾವಿರಾರು ಗುಂಡಿಗಳಾಗಿ ತೋಡಿ, ಸಿಕ್ಕಿದುದನ್ನು ಪರದೇಶಗಳಿಗೆ ಮಾರಿದರು. ೨೦೨೧ರಲ್ಲಿ ಅಮೆರಿಕದವರು ಸುಮಾರು ೧೭,೦೦೦ ವಸ್ತುಗಳನ್ನು ಇರಾಕಿಗೆ ಹಿಂತಿರುಗಿಸಿದರು. ಇದು ಸಂತೋಷದ ಸಂಗತಿಯೇ. ಆದರೆ ಕಳ್ಳನು ತೋಡಿದ ಫಲಕವು ತನ್ನ ದೇಶಕ್ಕೆ ಹಿಂತಿರುಗಬಹುದೇ ಹೊರತು ತಾನಿದ್ದ ಕೋಣೆಗೆ ಹಿಂತಿರುಗಲಾರದು. ಅದು ಯಾವ ಮನೆಯಲ್ಲಿತ್ತು, ಯಾವ ಫಲಕಗಳೊಡನೆ ಇತ್ತು, ಯಾರ ಕೈಯದು ಎಂಬುದನ್ನು ಯಾವ ನ್ಯಾಯಾಲಯದ ತೀರ್ಪೂ ಮರಳಿ ಕೊಡಲಾರದು.

ನಾವು ಮಾಡತಕ್ಕದ್ದು

ಈ ಪಾಠವು ಇರಾಕಿಗೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ಸೀಮೆಯ ಹೊಲಗಳಲ್ಲಿಯೂ ಕೆರೆಯಂಗಳಗಳಲ್ಲಿಯೂ ಹಳೆಯ ಮಡಕೆಗಳೂ ವೀರಗಲ್ಲುಗಳೂ ಶಾಸನದ ಕಲ್ಲುಗಳೂ ಇವೆ. ಮನೆಯ ಪಾಯವನ್ನು ತೋಡುವಾಗಲೋ ಹೊಲವನ್ನು ಉಳುವಾಗಲೋ ಇಂಥದು ಸಿಕ್ಕಿದರೆ, ಅದನ್ನು ಕಿತ್ತು ಮನೆಗೆ ತರುವುದೂ, ಬಟ್ಟೆಯೊಗೆಯಲು ಹಾಸುವುದೂ, ತೊಳೆದು ಮಾರುವುದೂ ಸಲ್ಲದು. ಇದ್ದ ಸ್ಥಳದಲ್ಲಿಯೇ ಬಿಟ್ಟು, ಸರಕಾರದ ಅಧಿಕಾರಿಗಳಿಗೆ ತಿಳಿಸುವುದು ಕಾಯಿದೆಗೂ ವಿವೇಕಕ್ಕೂ ಒಪ್ಪುವ ಮಾರ್ಗ.

ಇನ್ನು ಮುಂದೆ ಯಾವುದಾದರೂ ಸಂಗ್ರಹಾಲಯವನ್ನು ನೋಡಲು ಹೋದಾಗ, ವಿದ್ಯಾರ್ಥಿನಿಯರು ಪ್ರತಿಯೊಂದು ವಸ್ತುವಿನ ಮುಂದೆಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದು ಎಲ್ಲಿ ದೊರೆಯಿತು? ಯಾವುದರ ಜತೆಯಲ್ಲಿ ದೊರೆಯಿತು? ಅದನ್ನು ಬರೆದಿಟ್ಟವರು ಯಾರು? ಚೀಟಿಯಲ್ಲಿ ಇವುಗಳಿಗೆ ಉತ್ತರವಿದ್ದರೆ ಆ ವಸ್ತುವಿನ ಮುಂದೆ, ಅದು ಬರಿಯ ಮಡಕೆಯ ಚೂರೇ ಆಗಿದ್ದರೂ, ಸ್ವಲ್ಪ ಹೊತ್ತು ಹೆಚ್ಚಾಗಿ ನಿಲ್ಲುವುದು ಸಾರ್ಥಕ. ಉತ್ತರವಿಲ್ಲದಿದ್ದರೆ ಅದಕ್ಕೆ ಕಾರಣವೇನೆಂದು ಅಲ್ಲಿನವರನ್ನು ವಿನಯದಿಂದ ಕೇಳುವುದು ನಮ್ಮೆಲ್ಲರ ಹಕ್ಕು.